ನೀಲಿ ಸೀಸನ್ನು

ನೀವು ಗೆದ್ದಿದ್ದೀರಿ, ಜೋಡಿಯಾಗಿ ಬನ್ನಿ,
ಊಟ ಉಂಟು, ಉಡುಗೊರೆ ಉಂಟು
ಎಂದಳು ಫೋನಿನ ಹುಡುಗಿ.
ಎಂತ ಗೆದ್ದದ್ದು ಎಂದು ನಾನು ಕೇಳಲಿಲ್ಲ.
ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಹತ್ತೊಂಬತ್ತು ವರ್ಷ
ಬೇರೆಯವರ ಲೆಕ್ಕ ಬರೆದವಳಿಗೆ
ಗೆದ್ದದ್ದೊಂದು ಸಾಲದೆ?

ಕುಂಜಿಬೆಟ್ಟಿನ ಹೋಟೆಲು, ಮೊದಲ ಮಹಡಿ.
ಇವರು ಇಸ್ತ್ರಿ ಶರ್ಟು ಹಾಕಿದ್ದರು.
ಕಿವಿಯ ಹಿಂದೆ ಮಾತ್ರ ಡೀಸೆಲ್ ವಾಸನೆ,
ಎಷ್ಟು ಸಾಬೂನು ಉಜ್ಜಿದರೂ ಹೋಗದ್ದು.

ನಿಶ್ಚಲ್ ಎಂಬ ಟೈ ಕಟ್ಟಿದ ಹುಡುಗ
ಬೆಟ್ಟ ತೋರಿಸಿದ, ಕಣಿವೆ ತೋರಿಸಿದ,
ಹಾಸಿಗೆಯ ಮೇಲೆ
ಬಿಳಿ ಟವೆಲಿನಲ್ಲೇ ಮಡಚಿದ ಹಂಸ ತೋರಿಸಿದ.
ಇಪ್ಪತ್ತೈದು ವರ್ಷ, ಜಲಜಾ ಮೇಡಂ,
ವರ್ಷಕ್ಕೆ ಏಳು ರಾತ್ರಿ ನಿಮ್ಮದೇ.
ಸಮುದ್ರ ಕಾಣುವ ಕೋಣೆಯಾದರೆ
ಸ್ವಲ್ಪ ಹೆಚ್ಚಾಗ್ತದೆ ಸಾರ್.

ಇವರು ನಕ್ಕ ನಗೆಗೆ ಪಕ್ಕದ ಮೇಜಿನವರು ತಿರುಗಿದರು.
ಹತ್ತು ದಿನ ಹೋದರೆ ಹತ್ತು ದಿನವೂ
ಬೋಟಿನ ನಾಲ್ಕೂ ಕಡೆ ಕಾಣುವುದು ಅದೊಂದೇ.
ಅದನ್ನು ದುಡ್ಡು ಕೊಟ್ಟು ನೋಡುವವರಿದ್ದಾರೆಂದು
ಮೂವತ್ತು ವರ್ಷದ ತಾಂಡೇಲನಿಗೆ
ಈವರೆಗೆ ಯಾರೂ ಹೇಳಿರಲಿಲ್ಲ.

ರಜೆ ಯಾವಾಗ ಸಾರ್?
ಜೂನು, ಜುಲೈ. ಸರಕಾರವೇ ಕೊಟ್ಟದ್ದು,
ಮೀನು ಮೊಟ್ಟೆಯಿಡುವ ಕಾಲ.
ಹುಡುಗ ಮೇಜು ಕುಟ್ಟಿದ: ಲಕ್ಕಿ ನೀವು!
ಅದು ನೀಲಿ ಸೀಸನ್ನು, ಯಾರಿಗೂ ಬೇಡದ ವಾರಗಳು,
ಎಲ್ಲಕ್ಕಿಂತ ಅಗ್ಗ.
ನನ್ನ ಗಂಟಲಲ್ಲಿ ಏನೋ ಸಿಕ್ಕಿತು.
ಐಸ್‌ಕ್ರೀಮಿಗೆ ಮುಳ್ಳಿರುವುದಿಲ್ಲ.

ಮೂರು ಲಕ್ಷದ ಎಂಬತ್ತು ಸಾವಿರ,
ಇವತ್ತೇ ಸಹಿ ಹಾಕಿದರೆ ನಲವತ್ತು ಬಿಡುತ್ತಾರಂತೆ.
ಮೇಂಟೆನೆನ್ಸು ಬೇರೆ, ಹದಿನಾರು ಸಾವಿರ,
ಹೋದರೂ ಕಟ್ಟಬೇಕು, ಹೋಗದಿದ್ದರೂ.
ಕಾಗದದ ಕರವಸ್ತ್ರದ ಮೇಲೆ ಭಾಗಿಸಿ ನೋಡಿದೆ:
ರಾತ್ರಿಯೊಂದಕ್ಕೆ ನಾಲ್ಕು ಸಾವಿರದ ಇನ್ನೂರು ಚಿಲ್ಲರೆ,
ಬಸ್ಸು ಬೇರೆ, ಊಟ ಬೇರೆ.
ಕೊನೆಯ ವಾರಕ್ಕೆ ಇವರಿಗೆ ಎಪ್ಪತ್ತೆಂಟು,
ನನ್ನ ಮೊಣಗಂಟಿಗೆ ಎಪ್ಪತ್ತೊಂದು.

ಆದರೂ ಲೆಕ್ಕಕ್ಕೆ ಸಿಗದ್ದು ಒಂದಿತ್ತು.
ಬೇರೆ ಯಾರೋ ಹಾಸಿದ ಹಾಸಿಗೆ,
ಬೇರೆ ಯಾರೋ ಕುದಿಸಿದ ಚಾ,
ಇವತ್ತು ಎಂತ ಪದಾರ್ಥ ಎಂದು
ಯಾರೂ ಕೇಳದ ಏಳು ಬೆಳಗು.
ಅದಕ್ಕೆ ಕಾಲಂ ಎಲ್ಲಿ ಎಳೆಯಲಿ?

ಪೆನ್ನು ಕೈಗೆ ಬಂದ ಮೇಲೆ ಇವರು ಕೇಳಿದರು:
ಒಂದು ವರ್ಷ ಹೋಗಲಿಕ್ಕೆ ಆಗದಿದ್ದರೆ?
ಮುಂದಿನ ವರ್ಷಕ್ಕೆ ಸೇರ್ತದೆ ಸಾರ್.
ಆಗಲೂ ಆಗದಿದ್ದರೆ?
ಲ್ಯಾಪ್ಸು.
ಕೊಳೆತ ಬೂತಾಯಿಗೂ ಫಿಶ್‌ಮೀಲಿನವ
ಕಿಲೋಗೆ ಇಷ್ಟೂಂತ ಕೊಡ್ತಾನೆ ಮಾರಾಯ,
ನಿನ್ನ ವಾರ ಹಳಸಿದರೆ?

ಹುಡುಗ ಮ್ಯಾನೇಜರನ್ನು ಕರೆದ.
ಮ್ಯಾನೇಜರು ಇನ್ನೊಬ್ಬ ಮ್ಯಾನೇಜರನ್ನು.
ನಾಳೆ ಹೇಳ್ತೇವೆ ಎಂದೆ.
ನಾಳೆ ಈ ರೇಟಿಲ್ಲ ಮೇಡಂ.
ಹೀಗೆ ಕೂಗುವವರನ್ನು ಬಂದರಿನಲ್ಲಿ
ದಿನಾ ಬೆಳಿಗ್ಗೆ ಐದಕ್ಕೆ ನೋಡುತ್ತೇನೆ;
ಎಂಟಾಗುವಾಗ ಅವರೇ ಕರೆದು ಕೊಡುತ್ತಾರೆ.

ಮುಚ್ಚಳ ಸರಿಯಾಗಿ ಕೂರದ ಹಾಟ್‌ಬಾಕ್ಸು ತೊಡೆಯ ಮೇಲೆ,
ಸ್ಕೂಟರಿನಲ್ಲಿ ಆದಿ ಉಡುಪಿ ದಾಟುವವರೆಗೂ
ಇಬ್ಬರಿಗೂ ಮಾತಿಲ್ಲ.
ಗೆದ್ದದ್ದು ನಾವಾ, ಇವರ ಬೂತಾಯಿಯಾ,
ಗೊತ್ತಾಗಲಿಲ್ಲ.

ಜೂನು ಬಂತು.
ಬೋಟು ದಕ್ಕೆಯಲ್ಲಿ, ಬಲೆ ಅಂಗಳದಲ್ಲಿ.
ಒಂದು ಮಧ್ಯಾಹ್ನ ಬೀರುವಿನಿಂದ ಹೊಸ ಟವೆಲು ತೆಗೆದು
ಹಾಸಿಗೆಯ ಮೇಲೆ ಹಂಸ ಮಡಚಿದೆ.
ಕತ್ತು ನಿಲ್ಲಲಿಲ್ಲ. ಬಿಚ್ಚಿದೆ. ಮತ್ತೆ ಮಡಚಿದೆ.
ಎಷ್ಟು ಹೊತ್ತಿನಿಂದ ಬಾಗಿಲಲ್ಲಿದ್ದರೋ,
ಒಳಗೆ ಬಂದು ಬಲೆಯ ನೈಲಾನ್ ದಾರದಲ್ಲಿ
ಕತ್ತಿಗೊಂದು ಗಂಟು ಹಾಕಿದರು,
ಯಾವ ಗಾಳಿಗೂ ಬಿಚ್ಚದ್ದು.
ನಿಂತಿತು,
ಸ್ವಲ್ಪ ಕೊಕ್ಕರೆಯ ಹಾಗೆ.

ಆ ರಾತ್ರಿ ಇಬ್ಬರೂ
ನೆಲದಲ್ಲಿ ಚಾಪೆ ಹಾಸಿ ಮಲಗಿದೆವು.